64 ದಿನಗಳ ಸೆರೆ: ಗೋವೆಯ ಡೊಮಿನಿಕ್ ಡಿ'ಸೋಜ

1989ನೇ ಇಸವಿಯ ಬೂದಿ ಬುಧವಾರ ಕಳೆದು ಇನ್ನೂ ಒಂದು ವಾರ ತುಂಬಿರಲಿಲ್ಲ. ಫೆಬ್ರವರಿ 14ರಂದು ಗೋವೆಯ ಮಾಪುಸಾ ಪಟ್ಟಣಕ್ಕೆ ಸಮೀಪದ ಪರ್ರಾ ಗ್ರಾಮದ ಒಂದು ಕೆಥೋಲಿಕ್ ಮನೆಗೆ ಪೊಲೀಸರು ಬಂದರು. ಆ ಮನೆಯ ಮಗ ಡೊಮಿನಿಕ್ ಡಿ'ಸೋಜ ಕಳ್ಳನೂ ಅಲ್ಲ, ದರೋಡೆಕೋರನೂ ಅಲ್ಲ. ಮೂವತ್ತರ ಆಸುಪಾಸಿನ ವಿದ್ಯಾವಂತ ಯುವಕ; ವನ್ಯಜೀವಿ ಸಂರಕ್ಷಣೆಗಾಗಿ ದುಡಿಯುವ ಸಂಸ್ಥೆಯೊಂದರ ನೌಕರ; ನಾಟಕದಲ್ಲಿ ಆಸಕ್ತಿಯುಳ್ಳವರು. ಇನ್ನೊಬ್ಬರ ಜೀವ ಉಳಿಯಲೆಂದು ಆಗಾಗ ರಕ್ತದಾನ ಮಾಡುವುದು ಅವರ ರೂಢಿಯಾಗಿತ್ತು. ಆ ಸತ್ಕಾರ್ಯವೇ ಅವರನ್ನು ಸೆರೆಗೆ ತಳ್ಳಿತೆಂಬುದು ಈ ಕಥೆಯ ಕಟು ಸತ್ಯ.

ದಾನವಾಗಿ ಕೊಟ್ಟ ರಕ್ತವನ್ನು ಪರೀಕ್ಷಿಸಿದಾಗ ಅದರಲ್ಲಿ ಎಚ್‌ಐವಿ ಸೋಂಕು ಕಂಡುಬಂದಿತ್ತು. ಆದರೆ ಈ ಸಂಗತಿಯನ್ನು ಮೊದಲು ತಿಳಿಯಬೇಕಾದವರಿಗೆ ಯಾರೂ ತಿಳಿಸಲಿಲ್ಲ. ಪೊಲೀಸರು ಅವರನ್ನು ಆಸ್ಪತ್ರೆಗೆ ಕರೆದೊಯ್ದರು. ಅಲ್ಲಿ ದಾಖಲೆ ಪುಸ್ತಕದಲ್ಲಿ ತಮ್ಮ ಹೆಸರಿನೊಂದಿಗೆ ಏಡ್ಸ್ ಎಂಬ ಶಬ್ದವನ್ನು ಕಂಡಾಗಲೇ ಅವರಿಗೆ ವಿಷಯ ಅರಿವಾದದ್ದು. ಒಬ್ಬ ಮನುಷ್ಯನಿಗೆ ಅವನ ಮರಣದ ವಾರ್ತೆಯನ್ನು ತಿಳಿಸುವ ರೀತಿ ಇದೇನು? ಅಲ್ಲಿಂದ ಅವರನ್ನು ಬಳಕೆಯಲ್ಲಿಲ್ಲದ ಹಳೆಯ ಕ್ಷಯರೋಗ ಚಿಕಿತ್ಸಾಲಯವೊಂದಕ್ಕೆ ಸಾಗಿಸಿ, ಪೊಲೀಸ್ ಕಾವಲಿನಲ್ಲಿ ಒಂಟಿಯಾಗಿ ಇರಿಸಲಾಯಿತು.

ಇದೆಲ್ಲವೂ ಕಾನೂನಿನ ಚೌಕಟ್ಟಿನೊಳಗೇ ನಡೆಯಿತೆಂಬುದನ್ನು ಮರೆಯಬಾರದು. ಭಾರತದಲ್ಲಿ ಈ ಸೋಂಕು ಮೊದಲು ಪತ್ತೆಯಾದದ್ದು 1986ರಲ್ಲಿ, ಮದರಾಸಿನಲ್ಲಿ. ಮರು ವರ್ಷವೇ ಗೋವೆಯ ಸಾರ್ವಜನಿಕ ಆರೋಗ್ಯ ಕಾಯಿದೆಗೆ ತಿದ್ದುಪಡಿ ತಂದು, ಸೋಂಕಿತರನ್ನು ಪ್ರತ್ಯೇಕವಾಗಿ ಇರಿಸುವುದನ್ನು ಕಡ್ಡಾಯಗೊಳಿಸಲಾಯಿತು. ಮುಟ್ಟಿದರೆ, ಜೊತೆಗೆ ಕುಳಿತು ಉಂಡರೆ, ಒಂದೇ ಸೂರಿನಡಿ ಬಾಳಿದರೆ ಈ ಸೋಂಕು ಹರಡದೆಂದು ವೈದ್ಯರಿಗೆ ಆಗಲೇ ತಿಳಿದಿತ್ತು. ಆದರೆ ಭಯವು ವಿಜ್ಞಾನದ ಮಾತನ್ನು ಕೇಳಲಿಲ್ಲ. 1989ರಲ್ಲೇ ಕೇಂದ್ರ ಸರಕಾರವೂ ಇಂಥದೇ ಕಠಿಣ ಅಧಿಕಾರಗಳುಳ್ಳ ಏಡ್ಸ್ ತಡೆ ಮಸೂದೆಯನ್ನು ಸಂಸತ್ತಿನಲ್ಲಿ ಮಂಡಿಸಿತು. ಆ ಕಾಲದ ಗಾಳಿ ಬೀಸುತ್ತಿದ್ದುದೇ ಹಾಗೆ.

ತಪಸ್ಸುಕಾಲದ ದಿನಗಳು ಒಂದೊಂದಾಗಿ ಉರುಳಿದವು. ಊರಿನ ದೇವಾಲಯದಲ್ಲಿ ಶಿಲುಬೆಯ ಹಾದಿ ನಡೆಯಿತು, ಗರಿಗಳ ಭಾನುವಾರ ಬಂತು, ಮಾರ್ಚ್ 24ರಂದು ಶುಭ ಶುಕ್ರವಾರ, 26ರಂದು ಈಸ್ಟರ್. ಡೊಮಿನಿಕ್ ಮಾತ್ರ ಆ ಪಾಳು ಕಟ್ಟಡದಲ್ಲೇ ಇದ್ದರು. ಆದರೆ ಅವರ ಮಿತ್ರರು ಸುಮ್ಮನಿರಲಿಲ್ಲ. ಊರಿನವರೂ ರಂಗಭೂಮಿಯ ಗೆಳೆಯರೂ ಅವರ ಪರವಾಗಿ ದನಿಯೆತ್ತಿದರು. ಸೋಂಕಿತನ ನೆರಳಿಗೂ ಜನ ಅಂಜುತ್ತಿದ್ದ ಆ ದಿನಗಳಲ್ಲಿ ಇದು ಸಣ್ಣ ಧೈರ್ಯವಲ್ಲ.

ಎಲ್ಲರಿಗಿಂತ ಮುಂದೆ ನಿಂತವರು ತಾಯಿ ಲೂಸಿ. ಮಗನ ರೋಗದ ಹೆಸರನ್ನು ಮುಚ್ಚಿಟ್ಟು ಕಣ್ಣೀರಿಡುವುದು ಸುಲಭವಿತ್ತು. ಮಾನಕ್ಕಂಜಿ ಹಾಗೆ ಮಾಡಿದ ಮನೆಗಳೆಷ್ಟೋ. ಆಕೆ ತಮ್ಮ ಹೆಸರಿನಲ್ಲೇ ಬೊಂಬಾಯಿ ಹೈಕೋರ್ಟಿನ ಪಣಜಿ ಪೀಠದಲ್ಲಿ ಗೋವಾ ಸರಕಾರದ ವಿರುದ್ಧ ರಿಟ್ ಅರ್ಜಿ ಹೂಡಿದರು. ಲಾಯರ್ಸ್ ಕಲೆಕ್ಟಿವ್ ಸಂಸ್ಥೆಯ ವಕೀಲ ಆನಂದ್ ಗ್ರೋವರ್ ವಾದಿಸಿದರು. 64 ದಿನಗಳ ಬಳಿಕ, ಏಪ್ರಿಲ್ ತಿಂಗಳಲ್ಲಿ, ಮಗ ಬಿಡುಗಡೆಗೊಂಡು ಮನೆಗೆ ಮರಳಿದರು. ಕಾಯಿದೆಯಲ್ಲಿ ಕಡ್ಡಾಯವೆಂದಿದ್ದುದನ್ನು ಅಧಿಕಾರಿಗಳ ವಿವೇಚನೆಗೆ ಬಿಡುವಂತೆ ತಿದ್ದಲಾಯಿತು.

ಆದರೆ ಅಂತಿಮ ತೀರ್ಪು ತಾಯಿಯ ಪರವಾಗಿ ಬರಲಿಲ್ಲ. ವ್ಯಕ್ತಿಯ ಹಕ್ಕಿಗೂ ಸಮಾಜದ ಹಿತಕ್ಕೂ ಘರ್ಷಣೆಯಾದಾಗ ಸಮಾಜದ ಹಿತವೇ ಮೇಲೆಂದು ನ್ಯಾಯಾಲಯವು ಆ ಕಾನೂನನ್ನು ಎತ್ತಿಹಿಡಿಯಿತು. ಸೋಂಕಿತನೂ ಆ ಸಮಾಜದೊಳಗಿನವನೇ ಅಲ್ಲವೇ ಎಂಬ ಪ್ರಶ್ನೆಗೆ ಆ ತೀರ್ಪಿನಲ್ಲಿ ಸಮಾಧಾನಕರ ಉತ್ತರ ಸಿಗುವುದಿಲ್ಲವೆಂದೇ ಈ ಲೇಖಕನ ಅನಿಸಿಕೆ.

ಸೆರೆಯಿಂದ ಹೊರಬಂದ ಡೊಮಿನಿಕ್ ಮರೆಗೆ ಸರಿಯಲಿಲ್ಲ. ತಮಗೆ ಸೋಂಕಿದೆಯೆಂದು ತಮ್ಮ ಹೆಸರು, ಮುಖಗಳೊಂದಿಗೆ ಬಹಿರಂಗವಾಗಿ ಹೇಳಿಕೊಂಡ ಮೊದಲ ಭಾರತೀಯರಲ್ಲಿ ಅವರೊಬ್ಬರು. ತಮ್ಮಂತೆ ನೊಂದವರಿಗೆ ಆಪ್ತ ಸಲಹೆ, ಸಾಂತ್ವನ, ಕಾನೂನಿನ ನೆರವು ದೊರೆಯಬೇಕೆಂಬ ಹಂಬಲದಿಂದ ಮಿತ್ರರೊಡನೆ ಪಾಸಿಟಿವ್ ಪೀಪಲ್ ಎಂಬ ಸಂಸ್ಥೆಗೆ ತಳಹದಿ ಹಾಕಿದರು. ಅದು ರೂಪುಗೊಂಡ 1992ರಲ್ಲೇ, ಮೇ 26ರಂದು, ಅವರು ಬೊಂಬಾಯಿಯಲ್ಲಿ ಕೊನೆಯುಸಿರೆಳೆದರು. ಸೋಂಕಿತರ ಆಯುಸ್ಸನ್ನು ಹೆಚ್ಚಿಸುವ ಸಂಯುಕ್ತ ಔಷಧೋಪಚಾರ ಬಳಕೆಗೆ ಬಂದದ್ದು 1996ರ ಹೊತ್ತಿಗೆ. ನಮ್ಮ ದೇಶದಲ್ಲಿ ಸರಕಾರವು ಅದನ್ನು ಉಚಿತವಾಗಿ ಕೊಡತೊಡಗಿದ್ದು 2004ರ ಏಪ್ರಿಲ್‌ನಿಂದ.

ಸಂಸತ್ತಿನಲ್ಲಿದ್ದ 1989ರ ಮಸೂದೆಯನ್ನು ವಿರೋಧದ ಕಾರಣದಿಂದ ಹಿಂತೆಗೆದುಕೊಳ್ಳಲಾಯಿತು. 2005ರಲ್ಲಿ ತೆರೆಕಂಡ ಹಿಂದಿ ಚಲನಚಿತ್ರ ಮೈ ಬ್ರದರ್ ನಿಖಿಲ್‌ಗೆ ಡೊಮಿನಿಕ್‌ರ ಬಾಳೇ ಪ್ರೇರಣೆ. ಸೋಂಕಿತರ ವಿರುದ್ಧ ತಾರತಮ್ಯ ಮಾಡುವುದನ್ನೂ, ಒಪ್ಪಿಗೆಯಿಲ್ಲದೆ ಪರೀಕ್ಷಿಸುವುದನ್ನೂ, ಪ್ರತ್ಯೇಕವಾಗಿ ದೂಡುವುದನ್ನೂ ನಿಷೇಧಿಸುವ ಕಾಯಿದೆಯನ್ನು ಸಂಸತ್ತು 2017ರಲ್ಲಿ ಅಂಗೀಕರಿಸಿತು. 2018ರ ಸೆಪ್ಟೆಂಬರ್ 10ರಂದು ಅದು ಜಾರಿಗೆ ಬಂತು. ಪರ್ರಾದ ಮನೆಗೆ ಪೊಲೀಸರು ಬಂದು ಆಗ 29 ವರ್ಷಗಳು ಕಳೆದಿದ್ದವು. ಕಾನೂನು ಓದುವವರ ಪುಸ್ತಕಗಳಲ್ಲಿ ಆ ಮೊಕದ್ದಮೆ ಇಂದಿಗೂ ತಾಯಿಯ ಹೆಸರಿನಲ್ಲೇ ಇದೆ: ಲೂಸಿ ಡಿ'ಸೋಜ ವಿರುದ್ಧ ಗೋವಾ ರಾಜ್ಯ.