ನಾಡಿಯ ಮಾತು ಕೇಳಿದ ಇಬ್ನ್ ಸೀನಾ

ಹೋದ ವರ್ಷ ಜೀವಶಾಸ್ತ್ರದ ಪ್ರಾಯೋಗಿಕ ತರಗತಿಯಲ್ಲಿ ನಮ್ಮ ನಾಡಿಯನ್ನು ನಾವೇ ಎಣಿಸಬೇಕಿತ್ತು. ಮಣಿಕಟ್ಟಿನ ಮೇಲೆ ಬೆರಳಿಟ್ಟು ಕುಳಿತೆ. ಉಸಿರು ಎಳೆದಾಗ ಬಡಿತ ತುಸು ಬೇಗ, ಬಿಟ್ಟಾಗ ತುಸು ನಿಧಾನ. ನನ್ನ ಹೃದಯದಲ್ಲಿ ಏನೋ ದೋಷವಿದೆ ಎಂದು ಹೆದರಿಬಿಟ್ಟೆ. ಸಂಜೆ ರಾಣೆಬೆನ್ನೂರಿನಿಂದ ಬ್ಯಾಡಗಿಗೆ ಬಸ್ಸಿನಲ್ಲಿ ಬರುವಾಗಲೂ ಬೆರಳು ಮಣಿಕಟ್ಟಿನ ಮೇಲೇ ಇತ್ತು.

ಮನೆಯಲ್ಲಿ ನಾನಿಗೆ ಹೇಳಿದೆ. ತಾವು ಚಿಕ್ಕವರಿದ್ದಾಗ ಹಕೀಮ ಸಾಹೇಬರು ನಬ್ಜ್ ಹಿಡಿದೇ ಕಾಯಿಲೆ ಹೇಳುತ್ತಿದ್ದರು, ಅದೆಲ್ಲ ಇಬ್ನ್ ಸೀನಾರ ವಿದ್ಯೆ ಎಂದು ನಾನಿ ನೆನೆದರು. ಮರುದಿನ ನಮ್ಮ ಸರ್, ಉಸಿರಿನ ಜೊತೆ ನಾಡಿ ಹೀಗೆ ಬದಲಾಗುವುದು ಆರೋಗ್ಯದ ಲಕ್ಷಣವೇ ಎಂದರು. ಭಯ ಹೋಯಿತು, ಕುತೂಹಲ ಉಳಿಯಿತು. ಇಬ್ನ್ ಸೀನಾರ ಬಗ್ಗೆ ಓದತೊಡಗಿದೆ.

ಅವರು ಹುಟ್ಟಿದ್ದು 980ರಲ್ಲಿ, ಬುಖಾರಾ ಸಮೀಪದ ಅಫ್ಶಾನಾ ಎಂಬ ಹಳ್ಳಿಯಲ್ಲಿ. 10ನೇ ವಯಸ್ಸಿಗೆ ಕುರ್‌ಆನ್ ಕಂಠಪಾಠ. ನಮ್ಮ ವಯಸ್ಸಿನಲ್ಲಿ ಆಗಲೇ ರೋಗಿಗಳನ್ನು ನೋಡುತ್ತಿದ್ದರು. ಬುಖಾರಾದ ದೊರೆಯ ಚಿಕಿತ್ಸೆಗೆ ಹೋದದ್ದರಿಂದ ಅರಮನೆಯ ಗ್ರಂಥಾಲಯದ ಬಾಗಿಲು ತೆರೆಯಿತು. ಆದರೆ ಅವರಿಗೂ ಎಲ್ಲವೂ ಸುಲಭವಾಗಿರಲಿಲ್ಲ. ಅರಿಸ್ಟಾಟಲನ ಒಂದು ಗ್ರಂಥವನ್ನು 40 ಸಲ ಓದಿದರೂ ಅರ್ಥವಾಗಲಿಲ್ಲ. ಕೊನೆಗೆ ಪೇಟೆಯಲ್ಲಿ 3 ದಿರ್ಹಮಿಗೆ ಕೊಂಡ ಅಲ್-ಫಾರಾಬಿಯ ಪುಸ್ತಕದಿಂದ ದಾರಿ ಕಂಡಿತು. ಲೆಕ್ಕ ಬಿಡಿಸಲಾಗದೆ ಕುಳಿತಾಗ ನನಗೆ ನೆನಪಾಗುವುದು ಇದೇ.

ತಂದೆ ತೀರಿಕೊಂಡ ಮೇಲೆ ಬದುಕು ಅಲೆದಾಟವಾಯಿತು. ಹಮದಾನ್‌ನಲ್ಲಿ ಮಂತ್ರಿಯಾದರು, ಸೈನಿಕರು ದಂಗೆಯೆದ್ದು ಅವರ ಮನೆಯನ್ನೇ ಲೂಟಿ ಮಾಡಿದರು. ಮುಂದೆ ಸುಮಾರು ನಾಲ್ಕು ತಿಂಗಳು ಕೋಟೆಯೊಂದರಲ್ಲಿ ಸೆರೆ. ಅಲ್ಲಿಯೂ ಬರೆದರು.

ಐದು ಭಾಗಗಳ ಅವರ ವೈದ್ಯಗ್ರಂಥ ಅಲ್-ಕಾನೂನ್‌ನಲ್ಲಿ ನಾಡಿಯ ಅಧ್ಯಾಯಗಳಿವೆ. ನಾಡಿಯಲ್ಲಿ ಹತ್ತು ಗುಣಗಳನ್ನು ನೋಡಬೇಕು: ವೇಗ, ಬಲ, ಲಯ, ಏರುಪೇರು, ಆ ಏರುಪೇರಿನೊಳಗಿನ ಕ್ರಮ, ಹೀಗೆ. ಕೋಪ, ಭಯ, ದುಃಖ, ಸಂತೋಷ ಒಂದೊಂದೂ ನಾಡಿಯನ್ನು ಬೇರೆ ಬೇರೆಯಾಗಿ ಬದಲಿಸುತ್ತದೆ ಎಂದು ಅವರು ವಿವರಿಸಿದ್ದಾರೆ. ಬೆಂಗಳೂರಿನ ರಾಷ್ಟ್ರೀಯ ಯುನಾನಿ ವೈದ್ಯಕೀಯ ಸಂಸ್ಥೆಯಂಥ ಕಡೆ ಓದುವವರಿಗೆ ಈ ಪರಂಪರೆ ಇಂದಿಗೂ ಪಾಠ.

ಇಂದಿನ ಯಂತ್ರಗಳು ಹಿಡಿಯುವಷ್ಟು ಸಣ್ಣ ವ್ಯತ್ಯಾಸ ಬೆರಳಿಗೆ ಸಿಗುವುದಿಲ್ಲ. 20ನೇ ಶತಮಾನದ ಆರಂಭದಲ್ಲಿ ಐಂತೋವನ್ ಇಸಿಜಿ ಯಂತ್ರ ರೂಪಿಸಿದ ಮೇಲೆ ಒಂದು ಬಡಿತದಿಂದ ಇನ್ನೊಂದಕ್ಕೆ ಇರುವ ಅಂತರವನ್ನು ಸೆಕೆಂಡಿನ ಸಾವಿರದ ಭಾಗದಲ್ಲಿ ಅಳೆಯುವುದು ಸಾಧ್ಯವಾಯಿತು. ಈ ಅಂತರದ ಏರಿಳಿತಕ್ಕೆ ಹಾರ್ಟ್ ರೇಟ್ ವೇರಿಯಬಿಲಿಟಿ ಎಂದು ಹೆಸರು. ವೇಗಸ್ ನರ ಹೃದಯವನ್ನು ಶಾಂತಗೊಳಿಸುತ್ತದೆ. ಇನ್ನೊಂದು ನರಜಾಲ ಅದನ್ನು ಓಟಕ್ಕೆ ಸಜ್ಜುಗೊಳಿಸುತ್ತದೆ. ಎರಡೂ ಚುರುಕಾಗಿದ್ದರೆ ಏರಿಳಿತ ಚೆನ್ನಾಗಿರುತ್ತದೆ. ನಿದ್ದೆಗೆಟ್ಟರೆ, ಒತ್ತಡ ಬಹುಕಾಲ ಮುಂದುವರಿದರೆ ಅದು ಕುಗ್ಗುತ್ತದೆ. ಹೃದಯಾಘಾತದಿಂದ ಬದುಕಿದ 808 ಜನರನ್ನು ಗಮನಿಸಿದ 1987ರ ಅಧ್ಯಯನದಲ್ಲಿ, ಏರಿಳಿತ ಬಹಳ ಕಡಿಮೆ ಇದ್ದವರಿಗೆ ಸಾವಿನ ಅಪಾಯ ಹೆಚ್ಚಿತ್ತು. ಆದರೆ ಎಲ್ಲ ಏರುಪೇರೂ ಒಳ್ಳೆಯದಲ್ಲ. ಬಡಿತ ಪದೇ ಪದೇ ತಪ್ಪಿದಂತಾದರೆ, ತಲೆ ಸುತ್ತಿದರೆ ವೈದ್ಯರಲ್ಲಿಗೆ ಹೋಗಲೇಬೇಕು.

ಹಾವೇರಿಯಲ್ಲಿರುವ ನಮ್ಮ ಮಾಮೂ ಈ ಅಂಕಿಯನ್ನು ದಿನಾ ಬೆಳಿಗ್ಗೆ ತಮ್ಮ ಸ್ಮಾರ್ಟ್ ವಾಚಿನಲ್ಲಿ ನೋಡುತ್ತಾರೆ, ಕಡಿಮೆ ಬಂದರೆ ಅದಕ್ಕೇ ಚಿಂತೆ ಮಾಡುತ್ತಾರೆ! ಈ ಅಂಕಿ ಒಬ್ಬೊಬ್ಬರಿಗೆ ಒಂದೊಂದು, ದಿನದಿಂದ ದಿನಕ್ಕೂ ಬೇರೆ. ಬೇರೆಯವರದಕ್ಕೆ ಹೋಲಿಸಿ ಪ್ರಯೋಜನವಿಲ್ಲ.

ಇಬ್ನ್ ಸೀನಾರ ಕೊನೆಯ ದಿನಗಳು ನನ್ನನ್ನು ಹೆಚ್ಚು ಕಾಡಿದವು. ಹಮದಾನ್‌ನಲ್ಲಿ ಹಗಲು ರಾಜ್ಯದ ಕೆಲಸ, ರಾತ್ರಿ ಪಾಠ ಮತ್ತು ಬರವಣಿಗೆ ನಡೆಸಿದವರು ಮುಂದೆಯೂ ದೇಹಕ್ಕೆ ಬಿಡುವು ಕೊಡಲಿಲ್ಲ. ಹೊಟ್ಟೆಶೂಲೆ ಬಂದಾಗಲೂ ದೊರೆಯ ದಂಡಿನೊಂದಿಗೆ ಪ್ರಯಾಣ ಹೊರಟರು. 1037ರಲ್ಲಿ, 60 ತುಂಬುವ ಮೊದಲೇ, ಹಮದಾನ್‌ನಲ್ಲಿ ತೀರಿಕೊಂಡರು. ಎಲ್ಲರ ನಾಡಿ ಬಲ್ಲವರು ತಮ್ಮ ನಾಡಿಯ ಮಾತು ಕೇಳಲಿಲ್ಲವೇನೋ ಅನ್ನಿಸಿತು.

ಗೆಳೆಯರೇ, ಪರೀಕ್ಷೆ ಹತ್ತಿರ ಬಂದಿದೆ. ಅವರ 40 ಸಲದ ಓದು ನಮಗಿರಲಿ, ನಿದ್ದೆಗೆಡುವುದು ಬೇಡ. ಪ್ರಶ್ನೆಪತ್ರಿಕೆ ಕೈಗೆ ಬರುವ ಮೊದಲು ಎರಡು ನಿಮಿಷ ಉಸಿರನ್ನು ನಿಧಾನವಾಗಿ ಬಿಡಿ. ಬೆರಳ ಕೆಳಗೆ ನಾಡಿ ಇಳಿಯುವುದು ನಿಮಗೇ ತಿಳಿಯುತ್ತದೆ. ನಾನೀಗ ಹಾಗೇ ಮಾಡುತ್ತಿದ್ದೇನೆ.