ಕಾಡನ್ನು ನಾಡಿನ ಆಸ್ತಿಯಾಗಿಸಿದ ಪಿಂಚೋ

ಅಜ್ಜ ಮರದ ವ್ಯಾಪಾರದಿಂದ ಹಣ ಗಳಿಸಿದನು. ಮೊಮ್ಮಗನು ಮರ ಉಳಿಸುವ ವಿದ್ಯೆಯನ್ನು ನಾಡಿಗೆ ಕಲಿಸಿದನು. ಆ ಮೊಮ್ಮಗನೇ ಗಿಫರ್ಡ್ ಪಿಂಚೋ. 1865ರಲ್ಲಿ ಅಮೆರಿಕದ ಕನೆಕ್ಟಿಕಟ್ ಸಂಸ್ಥಾನದಲ್ಲಿ ಜನಿಸಿದ ಅವನು 1889ರಲ್ಲಿ ಯೇಲ್ ವಿದ್ಯಾಪೀಠದ ಪದವೀಧರನಾದನು. ಅರಣ್ಯಶಾಸ್ತ್ರದ ವಿದ್ಯಾಲಯ ಸ್ವದೇಶದಲ್ಲಿ ಆಗ ಇರಲಿಲ್ಲವಾದ್ದರಿಂದ ಫ್ರಾನ್ಸಿನ ನಾನ್ಸಿ ನಗರಕ್ಕೆ ತೆರಳಿದನು. ಭಾರತದ ಅರಣ್ಯ ಇಲಾಖೆಗೆ ಅಡಿಪಾಯ ಹಾಕಿ ನಿವೃತ್ತನಾಗಿದ್ದ ಜರ್ಮನ್ ವಿದ್ವಾಂಸ ಬ್ರಾಂಡಿಸ್ ಅವನಿಗೆ ಗುರುವಾಗಿ ದೊರೆತನು.

1891ರ ಶಾಸನದಂತೆ ಅಮೆರಿಕದ ಅಧ್ಯಕ್ಷರು ಸರ್ಕಾರಿ ಕಾಡುಗಳನ್ನು ಮೀಸಲಿಡಬಹುದಾಗಿತ್ತು. ಆದರೆ ಆ ಕಾಡುಗಳಿದ್ದುದು ಭೂಮಿಯ ವಿಲೇವಾರಿಯನ್ನೇ ಕಸುಬಾಗಿಸಿಕೊಂಡಿದ್ದ ಕಚೇರಿಯ ವಶದಲ್ಲಿ. 1898ರಲ್ಲಿ ಕೃಷಿ ಇಲಾಖೆಯ ಅರಣ್ಯ ವಿಭಾಗಕ್ಕೆ ಮುಖ್ಯಸ್ಥನಾದ ಪಿಂಚೋಗೆ ಪದವಿಯಿತ್ತು, ಆಳಲು ಕಾಡಿರಲಿಲ್ಲ. ಗೆಳೆಯ ಥಿಯೊಡೋರ್ ರೂಸ್‌ವೆಲ್ಟ್ ಅಧ್ಯಕ್ಷನಾಗಿದ್ದಾಗ, 1905ರಲ್ಲಿ, ಈ ವಿಪರ್ಯಾಸ ಕೊನೆಗೊಂಡಿತು. ಕಾಡುಗಳು ಕೃಷಿ ಇಲಾಖೆಗೆ ಬಂದವು. ಅರಣ್ಯ ಸೇವಾ ಸಂಸ್ಥೆ ಮೈದಾಳಿತು. ಪಿಂಚೋ ಅದರ ಮೊದಲ ಮುಖ್ಯಸ್ಥನಾದನು.

ಮರವನ್ನು ಮುಟ್ಟಬಾರದೆಂಬುದು ಅವನ ಮತವಲ್ಲ. ಮುಂದಿನ ಪೀಳಿಗೆಯ ಪಾಲನ್ನು ಉಳಿಸಿ ಕಡಿಯಬೇಕು, ಸಾರ್ವಜನಿಕರ ಹುಲ್ಲಿನಲ್ಲಿ ಮೇಯುವ ದನಕ್ಕೆ ಶುಲ್ಕ ತೆರಬೇಕು ಎಂಬುದು ಅವನ ನೀತಿ. ಪಶ್ಚಿಮದ ದನಗಾಹಿಗಳೂ ಮರದ ವ್ಯಾಪಾರಿಗಳೂ ಕೆರಳಿದರು. ಆರು ಸಂಸ್ಥಾನಗಳಲ್ಲಿ ತನ್ನ ಒಪ್ಪಿಗೆಯಿಲ್ಲದೆ ಹೊಸ ಮೀಸಲು ಕೂಡದೆಂದು 1907ರಲ್ಲಿ ಶಾಸನಸಭೆ ವಿಧಿಸಿತು. ಮಸೂದೆಗೆ ಅಧ್ಯಕ್ಷನ ಅಂಕಿತ ಬೀಳುವ ಮುನ್ನವೇ ಪಿಂಚೋನ ಸಿಬ್ಬಂದಿ ನಕ್ಷೆಗಳನ್ನು ಸಿದ್ಧಪಡಿಸಿತು. ಸುಮಾರು 1 ಕೋಟಿ 60 ಲಕ್ಷ ಎಕರೆ ಕಾಡು ಮೀಸಲಾಯಿತು. ಮೀಸಲು ಕಾಡುಗಳು ರಾಷ್ಟ್ರೀಯ ಅರಣ್ಯಗಳೆಂಬ ಹೆಸರು ಪಡೆದುದೂ ಆ ಶಾಸನದಿಂದಲೇ.

1910ರಲ್ಲಿ, ಅಲಾಸ್ಕದ ಕಲ್ಲಿದ್ದಲ ಭೂಮಿಯ ವಿಷಯದಲ್ಲಿ ಒಳನಾಡು ಸಚಿವನನ್ನು ಬಹಿರಂಗವಾಗಿ ಎದುರಿಸಿದ ಪಿಂಚೋನನ್ನು ಅಧ್ಯಕ್ಷ ಟಾಫ್ಟ್ ವಜಾ ಮಾಡಿದನು. ವ್ಯಕ್ತಿ ಹೋದನು, ಸಂಸ್ಥೆ ನಿಂತಿತು. ಆದರೆ ಅವನ ಉಪಯೋಗವಾದಕ್ಕೂ ಒಂದು ಮಿತಿಯಿತ್ತು. ಯೊಸೆಮಿಟಿ ಉದ್ಯಾನದ ಹೆಚ್‌ಹೆಚಿ ಕಣಿವೆಗೆ ಅಣೆಕಟ್ಟು ಕಟ್ಟಿ ಸ್ಯಾನ್‌ಫ್ರಾನ್ಸಿಸ್ಕೋ ನಗರಕ್ಕೆ ನೀರೊದಗಿಸುವುದನ್ನು ಅವನು ಸಮರ್ಥಿಸಿದನು. ಕಣಿವೆಗಾಗಿ ಹೋರಾಡಿದ ಜಾನ್ ಮ್ಯೂರ್ ಸೋತನು. 1913ರಲ್ಲಿ ಅನುಮತಿ ದೊರೆಯಿತು. ಸೌಂದರ್ಯಕ್ಕೆ ಆ ಲೆಕ್ಕದಲ್ಲಿ ಬೆಲೆಯಿರಲಿಲ್ಲ.

ಮುಂದೆ ಎರಡು ಬಾರಿ ಪೆನ್ಸಿಲ್ವೇನಿಯದ ರಾಜ್ಯಪಾಲನಾಗಿ, 1946ರಲ್ಲಿ ಪಿಂಚೋ ತೀರಿಕೊಂಡನು. 1960ರ ಶಾಸನವು ವಿಹಾರವನ್ನೂ ವನ್ಯಜೀವಿಗಳನ್ನೂ ಮರಮಟ್ಟಿನ ಜೊತೆಯಲ್ಲಿ ಎಣಿಸಿತು. 1964ರ ಶಾಸನವು ಕೆಲವು ಕಾಡುಗಳನ್ನು ಕಾಡುಗಳಾಗಿಯೇ ಇರಗೊಟ್ಟಿತು. ಇದು ಮ್ಯೂರನ ಗೆಲುವೆನ್ನಬಹುದು. ಆದರೆ ಮಾರಾಟವಾಗಲಿದ್ದ ಕಾಡನ್ನು ಪಿಂಚೋ ಅಂದು ಸಾರ್ವಜನಿಕರ ಕೈಯಲ್ಲಿ ಉಳಿಸದಿದ್ದರೆ, ಹಾಗೆಯೇ ಬಿಡಲು ಕಾಡಾದರೂ ಎಲ್ಲಿರುತ್ತಿತ್ತು?