ದೀಪವಷ್ಟೇ ಅಲ್ಲ, ಅಂಕಿ-ಅಂಶಗಳನ್ನೂ ಹಿಡಿದು ಸರ್ಕಾರವನ್ನು ಪ್ರಶ್ನಿಸಿದ್ದ ಫ್ಲಾರೆನ್ಸ್ ನೈಟಿಂಗೇಲ್

ಪ್ರತಿ ವರ್ಷ ಮೇ 12ರಂದು ವಿಶ್ವ ದಾದಿಯರ ದಿನ ಆಚರಿಸಲಾಗುತ್ತದೆ. ಅದು ಫ್ಲಾರೆನ್ಸ್ ನೈಟಿಂಗೇಲ್ ಹುಟ್ಟಿದ ದಿನ. ರಾತ್ರಿ ದೀಪ ಹಿಡಿದು ಗಾಯಾಳುಗಳ ಬಳಿ ಓಡಾಡುತ್ತಿದ್ದ ಮಹಿಳೆ ಎಂದೇ ಜಗತ್ತು ಅವರನ್ನು ನೆನಪಿಟ್ಟುಕೊಂಡಿದೆ. ಆದರೆ ಅವರ ಬದುಕಿನ ಹೆಚ್ಚಿನ ಭಾಗ ಕಳೆದದ್ದು ಲೆಕ್ಕದ ಪುಸ್ತಕಗಳ ನಡುವೆ.

1820ರಲ್ಲಿ ಇಟಲಿಯ ಫ್ಲಾರೆನ್ಸ್ ನಗರದಲ್ಲಿ, ಶ್ರೀಮಂತ ಇಂಗ್ಲಿಷ್ ಕುಟುಂಬದಲ್ಲಿ ಜನಿಸಿದ ಅವರಿಗೆ ಚಿಕ್ಕಂದಿನಿಂದಲೂ ಗಣಿತವೆಂದರೆ ಇಷ್ಟ. ದಾದಿಯ ಕೆಲಸ ಮನೆಯವರಿಗೆ ಒಪ್ಪಿಗೆಯಿರಲಿಲ್ಲ. ಆದರೂ ಹಠ ಬಿಡದೆ 1851ರಲ್ಲಿ ಜರ್ಮನಿಯಲ್ಲಿ ತರಬೇತಿ ಪಡೆದರು.

ಗುಂಡಿಗಿಂತ ಕೊಳಕೇ ಮಾರಕ

1854ರ ನವೆಂಬರ್‌ನಲ್ಲಿ ಕ್ರಿಮಿಯಾ ಯುದ್ಧದ ವೇಳೆ 38 ದಾದಿಯರೊಂದಿಗೆ ಟರ್ಕಿಯ ಸ್ಕುಟಾರಿ ಆಸ್ಪತ್ರೆಗೆ ಬಂದಿಳಿದರು. ಅವರು ಬಂದ ಮೇಲೂ ಆ ಚಳಿಗಾಲದಲ್ಲಿ ಸಾವು ನಿಲ್ಲಲಿಲ್ಲ. 1855ರ ಮಾರ್ಚ್‌ನಲ್ಲಿ ಬಂದ ನೈರ್ಮಲ್ಯ ಆಯೋಗ ಚರಂಡಿ ಸ್ವಚ್ಛಗೊಳಿಸಿ, ಗಾಳಿ-ನೀರಿನ ವ್ಯವಸ್ಥೆ ಸರಿಪಡಿಸಿದ ಬಳಿಕವೇ ಸಾವಿನ ಪ್ರಮಾಣ ವೇಗವಾಗಿ ಇಳಿಯಿತು.

1856ರಲ್ಲಿ ದೇಶಕ್ಕೆ ಮರಳಿದಾಗ ಅವರು ಮನೆಮಾತಾಗಿದ್ದರು. ಆದರೆ ಸಂಖ್ಯಾತಜ್ಞ ವಿಲಿಯಂ ಫಾರ್ ಜತೆ ಕುಳಿತು ಲೆಕ್ಕ ಹಾಕಿದಾಗ ಕಂಡದ್ದು ಕಹಿ ಸತ್ಯ. ಯುದ್ಧದ ಗಾಯಗಳಿಗಿಂತ ತಡೆಯಬಹುದಾದ ರೋಗಗಳಿಂದ ಸತ್ತ ಸೈನಿಕರೇ ಬಹಳ ಹೆಚ್ಚು. ತಾವು ಹಗಲಿರುಳು ದುಡಿದ ಆಸ್ಪತ್ರೆಯ ಸಾವಿನ ಲೆಕ್ಕವನ್ನು ಅವರು ಮುಚ್ಚಿಡಲಿಲ್ಲ. ಸಂಸದರಿಗೆ, ಅಧಿಕಾರಿಗಳಿಗೆ ಒಂದೇ ನೋಟಕ್ಕೆ ಅರ್ಥವಾಗಲೆಂದು 1858ರಲ್ಲಿ ಬಣ್ಣದ ವೃತ್ತಾಕಾರದ ನಕ್ಷೆ ರಚಿಸಿ ಹಂಚಿದರು. ಯುದ್ಧವಿಲ್ಲದ ಕಾಲದಲ್ಲೂ ಬ್ಯಾರಕ್‌ಗಳ ಸೈನಿಕರು ಅದೇ ವಯಸ್ಸಿನ ನಾಗರಿಕರಿಗಿಂತ ಸುಮಾರು ಎರಡು ಪಟ್ಟು ಹೆಚ್ಚು ಸಾಯುತ್ತಿದ್ದಾರೆಂದು ತೋರಿಸಿದರು. ಬ್ರಿಟನ್‌ನ ಸಂಖ್ಯಾಶಾಸ್ತ್ರ ಸಂಘದ ಸದಸ್ಯತ್ವ ಪಡೆದ ಮೊದಲ ಮಹಿಳೆಯೂ ಅವರೇ.

ಹಾಸಿಗೆಯಿಂದಲೇ ಭಾರತದ ಕೆಲಸ

ಯುದ್ಧಭೂಮಿಯಲ್ಲಿ ಅಂಟಿದ ಕಾಯಿಲೆಯಿಂದ ವರ್ಷಗಟ್ಟಲೆ ಹಾಸಿಗೆ ಹಿಡಿದರೂ ಅವರ ಕೆಲಸ ನಿಲ್ಲಲಿಲ್ಲ. ಭಾರತದಲ್ಲಿನ ಸೇನೆಯ ಆರೋಗ್ಯ ಕುರಿತು 1859ರಲ್ಲಿ ರಾಯಲ್ ಆಯೋಗ ರಚನೆಯಾದಾಗ, ಇಲ್ಲಿನ ಸೇನಾ ನೆಲೆಗಳಿಗೆ ಪ್ರಶ್ನಾವಳಿ ಕಳುಹಿಸಿ ಮಾಹಿತಿ ತರಿಸಿಕೊಂಡರು. ವರ್ಷಕ್ಕೆ ಪ್ರತಿ ಸಾವಿರ ಬ್ರಿಟಿಷ್ ಸೈನಿಕರಲ್ಲಿ 69 ಮಂದಿ ಸಾಯುತ್ತಿದ್ದರು ಎಂಬುದು 1863ರ ವರದಿಯಿಂದ ಹೊರಬಿತ್ತು. ಬೆಂಗಳೂರಿನ ಹಲಸೂರು ಕೆರೆಯ ನೀರು ಕುಡಿಯಲು ಬಳಕೆಯಾಗುತ್ತಿದ್ದರೂ ಬಜಾರಿನ ಕೊಳಚೆ ಅದಕ್ಕೇ ಸೇರುತ್ತಿತ್ತು ಎಂಬ ಸಂಗತಿಯೂ ಅವರ ಟಿಪ್ಪಣಿಯಲ್ಲಿದೆ. ಒಂದು ದಶಕದ ಬಳಿಕ ಸಾವಿನ ಪ್ರಮಾಣ 18ಕ್ಕೆ ಇಳಿದಿದೆ ಎಂದು ಅವರು ಲೆಕ್ಕ ಕೊಟ್ಟರು. ಮುಂದೆ ಅವರ ಗಮನ ಸೈನಿಕರಿಂದ ಭಾರತದ ರೈತರು, ಬರ ಮತ್ತು ನೀರಾವರಿಯತ್ತ ಹೊರಳಿತು. ಆದರೆ ಅವರು ಒಮ್ಮೆಯೂ ಭಾರತಕ್ಕೆ ಬರಲಿಲ್ಲ.

ಎಲ್ಲ ಪ್ರಯತ್ನಗಳೂ ಫಲಿಸಲಿಲ್ಲ. ಬ್ರಿಟನ್‌ನ 1861ರ ಜನಗಣತಿಯಲ್ಲಿ ರೋಗಿಗಳ ಸಂಖ್ಯೆಯ ಜತೆಗೆ ಜನರು ವಾಸಿಸುವ ಮನೆಗಳ ಸ್ಥಿತಿಯನ್ನೂ ದಾಖಲಿಸಬೇಕೆಂದು ಅವರು ಒತ್ತಾಯಿಸಿದ್ದರು. ಯಾರು ಎಂಥ ಮನೆಯಲ್ಲಿದ್ದಾರೆಂದು ತಿಳಿಯದೆ ಯಾರು ಏಕೆ ಕಾಯಿಲೆ ಬೀಳುತ್ತಾರೆಂದು ತಿಳಿಯದು ಎಂಬುದು ಅವರ ವಾದವಾಗಿತ್ತು. ಸಂಸತ್ತು ಅದನ್ನು ತಳ್ಳಿಹಾಕಿತು.

1907ರಲ್ಲಿ ಆರ್ಡರ್ ಆಫ್ ಮೆರಿಟ್ ಗೌರವ ಪಡೆದ ಮೊದಲ ಮಹಿಳೆಯಾದ ಅವರು 1910ರ ಆಗಸ್ಟ್ 13ರಂದು, 90ನೇ ವಯಸ್ಸಿನಲ್ಲಿ ನಿಧನರಾದರು. ವೆಸ್ಟ್‌ಮಿನ್‌ಸ್ಟರ್ ಅಬೆಯಲ್ಲಿ ಸಮಾಧಿ ಮಾಡುವ ಪ್ರಸ್ತಾಪವನ್ನು ಕುಟುಂಬದವರು ಒಪ್ಪಲಿಲ್ಲ. ಈಸ್ಟ್ ವೆಲ್ಲೋ ಹಳ್ಳಿಯ ಸಮಾಧಿಯ ಮೇಲೆ ಅವರ ಪೂರ್ಣ ಹೆಸರೂ ಇಲ್ಲ, ಇರುವುದು ಎರಡು ಮೊದಲಕ್ಷರ ಮತ್ತು ಜನನ-ಮರಣದ ವಿವರ ಮಾತ್ರ. ಅಂದು ತಿರಸ್ಕೃತವಾದ ಅವರ ಬೇಡಿಕೆ ಮಾತ್ರ ಉಳಿದುಕೊಂಡಿತು. ಕುಡಿಯುವ ನೀರು ಎಲ್ಲಿಂದ, ಶೌಚಾಲಯ ಇದೆಯೇ, ಚರಂಡಿ ಇದೆಯೇ ಎಂದು ಇಂದು ಭಾರತದ ಜನಗಣತಿಯ ಮನೆಪಟ್ಟಿಯೂ ಕೇಳುತ್ತದೆ.